ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?

ದೂರವನ್ನು ಹೊತ್ತಿನಿಂದ ಅಳೆಯುವುದು ನಮ್ಮ ಜನರ ಹಳೆಯ ಪದ್ಧತಿ. "ಆ ಊರು ಇಲ್ಲಿಂದ ಎಷ್ಟು ದೂರವಪ್ಪಾ?" ಎಂದು ದಾರಿಹೋಕನು ಕೇಳಿದರೆ ಹೊಲದಲ್ಲಿದ್ದ ಮುದುಕ ಮೈಲಿಯ ಲೆಕ್ಕ ಒಪ್ಪಿಸುತ್ತಿರಲಿಲ್ಲ. "ಒಪ್ಪೊತ್ತಿನ ದಾರಿ" ಎನ್ನುತ್ತಿದ್ದ; ತೀರ ಹತ್ತಿರವಾದರೆ "ಇಲ್ಲೇ ಕೂಗಳತೆಯಲ್ಲಿದೆ" ಎನ್ನುತ್ತಿದ್ದ. ಇಂಗ್ಲಿಷು ಕಲಿತ ನಾವು ಆ ಉತ್ತರ ಕೇಳಿ ನಕ್ಕದ್ದುಂಟು. ಆದರೆ ಮುದುಕನ ಮಾತಿನಲ್ಲಿ ಅನುಭವವಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ನಿಂತರೆ ಒಪ್ಪೊತ್ತಿನ ದಾರಿ ಎರಡು ದಿನದ ದಾರಿಯಾಗುತ್ತದೆ. ಮೈಲಿಗಲ್ಲು ಮಾತ್ರ ನೆಟ್ಟಲ್ಲೇ ನೆಟ್ಟಿರುತ್ತದೆ. ನಡೆಯಬೇಕಾದವನಿಗೆ ಬೇಕಾದ ಲೆಕ್ಕ ಯಾವುದು?

ವಿಮಾನಗಳ ಕಾಲದಲ್ಲಿ ಈ ಹಳೆಯ ಪ್ರಶ್ನೆಗೆ ಅರ್ಥವಿಲ್ಲವೆಂದು ನಮಗೆ ತೋರಬಹುದು. ಆಕಾಶದಲ್ಲಿ ಹೊಳೆಯಿಲ್ಲ, ಘಟ್ಟವಿಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಣ ದೂರ ತಿಳಿದರೆ, ಅದನ್ನು ವಿಮಾನದ ವೇಗದಿಂದ ಭಾಗಿಸಿದರೆ, ಪ್ರಯಾಣದ ಕಾಲ ತಾನಾಗಿ ಬಂದೀತು. ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಆದರೆ ಈ ಲೆಕ್ಕ ತಪ್ಪುವ ಸ್ಥಳಗಳಿವೆ. ಅಂಥ ಒಂದು ದಾರಿಯ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಕರಾಚಿಯಿಂದ ಮುಂಬಯಿಗೆ ಹೋಗುವ ದಾರಿ. ನಮ್ಮ ದೇಶದ ನಾಗರಿಕ ವಿಮಾನಯಾನದ ಚರಿತ್ರೆಯಲ್ಲಿ ಬಹು ದೊಡ್ಡ ಅಧ್ಯಾಯ ಆರಂಭವಾದದ್ದು ಆ ದಾರಿಯಲ್ಲೇ.

ದಾರದ ಲೆಕ್ಕ

ಮೊದಲು ಭೂಮಿಯ ಲೆಕ್ಕವನ್ನು ಮುಗಿಸೋಣ. ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಣ ಅತಿ ಕಿರಿದಾದ ದಾರಿಯನ್ನು ಚಪ್ಪಟೆ ನಕ್ಷೆಯ ಮೇಲೆ ಗೆರೆ ಎಳೆದು ಕಾಣಲಾಗದು. ಗೋಲದ ಮೇಲೆ ಆ ಎರಡು ಊರುಗಳಿಗೆ ಒಂದು ದಾರವನ್ನು ತಾಗಿಸಿ ಬಿಗಿಯಾಗಿ ಎಳೆದರೆ ಅದು ಎಲ್ಲಿ ಹಾಯುತ್ತದೋ ಅದೇ ಅತಿ ಹತ್ತಿರದ ಹಾದಿ. ಈ ರೀತಿಯಲ್ಲಿ ಲೆಕ್ಕ ಹಾಕಿದರೆ ಕರಾಚಿಯ ನಿಲ್ದಾಣಕ್ಕೂ ಮುಂಬಯಿಯ ನಿಲ್ದಾಣಕ್ಕೂ ಇರುವ ಅಂತರ ಸುಮಾರು 870 ಕಿಲೋಮೀಟರು. ಹಳೆಯ ಲೆಕ್ಕದಲ್ಲಿ 540 ಮೈಲಿ.

ಇದು ಎಷ್ಟು ದೂರವೆಂಬುದು ಮನಸ್ಸಿಗೆ ತಟ್ಟಬೇಕಾದರೆ ನಮ್ಮ ಊರಿನಿಂದಲೇ ಅಳೆಯಬೇಕು. ಬೆಂಗಳೂರಿನ ನಿಲ್ದಾಣದಿಂದ ಮುಂಬಯಿಗೆ ಇದೇ ದಾರದ ಲೆಕ್ಕದಲ್ಲಿ ಸುಮಾರು 830 ಕಿಲೋಮೀಟರು. ಅಂದರೆ ಮುಂಬಯಿಯವನಿಗೆ ಬೆಂಗಳೂರು ಎಷ್ಟು ಹತ್ತಿರವೋ ಹೆಚ್ಚು ಕಡಮೆ ಕರಾಚಿಯೂ ಅಷ್ಟೇ ಹತ್ತಿರ. ವ್ಯತ್ಯಾಸ ನಲವತ್ತು ಕಿಲೋಮೀಟರು, ಜೆಟ್ ವಿಮಾನಕ್ಕೆ ಮೂರು ನಿಮಿಷದ ಮಾತು. ಬೆಂಗಳೂರಿನಿಂದ ಮುಂಬಯಿಗೆ ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ವಿಮಾನಗಳು ಒಂದರ ಹಿಂದೊಂದು ಹಾರುತ್ತವೆ. ಬೆಳಿಗ್ಗೆ ಹೋಗಿ ಕಚೇರಿಯ ಕೆಲಸ ಮುಗಿಸಿ ರಾತ್ರಿಯ ಊಟಕ್ಕೆ ಮನೆಗೆ ಬರುವವರು ನಮ್ಮ ನೆರೆಹೊರೆಯಲ್ಲೇ ಇದ್ದಾರೆ.

ಕರಾಚಿಯಿಂದ ನೇರವಾಗಿ ಹೊರಟ ಜೆಟ್ ವಿಮಾನವೂ ಒಂದೂವರೆ ಗಂಟೆಯ ಸುಮಾರಿಗೆ ಮುಂಬಯಿ ಸೇರಬಲ್ಲದು. ಇದರಲ್ಲೊಂದು ವಿನೋದವೂ ಉಂಟು. ಕರಾಚಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಆದ್ದರಿಂದ ಅಲ್ಲಿ ಹತ್ತು ಗಂಟೆಗೆ ಹೊರಟವನು ಇಲ್ಲಿಳಿದಾಗ ಗೋಡೆಯ ಗಡಿಯಾರ ಹನ್ನೆರಡು ಹೊಡೆದಿರುತ್ತದೆ. ಇಲ್ಲಿಂದ ಹತ್ತಕ್ಕೆ ಹೊರಟವನು ಅಲ್ಲಿಳಿದಾಗ ಹನ್ನೊಂದೇ. ಒಂದೇ ದಾರಿ ಹೋಗುವಾಗ ಎರಡು ಗಂಟೆ, ಬರುವಾಗ ಒಂದು ಗಂಟೆಯೆಂದು ವೇಳಾಪಟ್ಟಿ ಹೇಳೀತು. ಗಡಿಯಾರವನ್ನು ನಂಬಿ ದೂರವನ್ನು ಅಳೆಯುವವನು ಎಚ್ಚರದಿಂದಿರಬೇಕು.

ಇಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ಅಕ್ಟೋಬರ್ 15, 1932

ಲಂಡನ್ನಿನಿಂದ ಹಿಂದೂಸ್ಥಾನಕ್ಕೆ ವಿಮಾನದ ಅಂಚೆ ಮೊದಲು ಬಂದದ್ದು 1929ರಲ್ಲಿ. ಆ ವರ್ಷದ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಕಂಪನಿಯ ಸೇವೆ ಕ್ರಾಯ್ಡನ್ನಿನಿಂದ ಆರಂಭವಾಯಿತು. ಅದನ್ನು ಪೂರ್ತಿಯಾಗಿ ವಿಮಾನಯಾನವೆನ್ನುವಂತೆಯೂ ಇರಲಿಲ್ಲ. ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾಕ್ಕೆ ರೈಲು, ಮುಂದೆ ಮೆಡಿಟರೇನಿಯನ್ ಸಮುದ್ರವನ್ನು ದಾಟಲು ನೀರಿನ ಮೇಲಿಳಿಯುವ ವಿಮಾನ, ಅಲೆಕ್ಸಾಂಡ್ರಿಯಾದಿಂದ ಮತ್ತೆ ಬೇರೆ ವಿಮಾನ. ಹೀಗೆ ಏಳು ದಿನಗಳ ಪ್ರಯಾಣ. ಅದರ ಕೊನೆಯ ನಿಲ್ದಾಣ ಕರಾಚಿ. ಇಂಗ್ಲೆಂಡಿನಿಂದ ಬರುವ ವಿಮಾನಗಳಿಗೆ ಕರಾಚಿಯೇ ಹಿಂದೂಸ್ಥಾನದ ಹೆಬ್ಬಾಗಿಲು. ರೆಕ್ಕೆಯ ವಿಮಾನಗಳಿಗಷ್ಟೇ ಅಲ್ಲ, ಆಕಾಶದ ಹಡಗುಗಳಿಗೂ ಅದೇ ಬಾಗಿಲಾಗಬೇಕೆಂದು ಬ್ರಿಟಿಷ್ ಸರ್ಕಾರ ಅಲ್ಲಿ ಭಾರಿ ಕೊಟ್ಟಿಗೆಯೊಂದನ್ನು ಕಟ್ಟಿಸಿತ್ತು. ಅದಕ್ಕಾಗಿ ಹೊರಟ ಆರ್ 101 ಎಂಬ ವಾಯುನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನ ಬೋವೆ ಎಂಬಲ್ಲಿ ನೆಲಕ್ಕಪ್ಪಳಿಸಿ ಸುಟ್ಟುಹೋಯಿತು. 48 ಜನ ಮಡಿದರು. ಕರಾಚಿಯ ಕೊಟ್ಟಿಗೆ ಬಾರದ ಅತಿಥಿಗಾಗಿ ಬಾಗಿಲು ತೆರೆದು ನಿಂತೇ ಇತ್ತು.

ಏಳು ದಿನಗಳಲ್ಲಿ ಕರಾಚಿಗೆ ಬಂದ ಕಾಗದ ಅಲ್ಲಿಂದ ಮುಂಬಯಿಗೆ, ಮದರಾಸಿಗೆ ರೈಲಿನಲ್ಲಿ ಬರಬೇಕು. ಸಾವಿರಾರು ಮೈಲಿ ಹಾರಿ ಬಂದು ಕೊನೆಯ ಮೈಲಿಗಳಲ್ಲಿ ತೆವಳುವ ಸ್ಥಿತಿ. ಈ ಕೊರತೆಯನ್ನು ಕಂಡವರು ನೆವಿಲ್ ವಿನ್ಸೆಂಟ್ ಎಂಬ ಬ್ರಿಟಿಷ್ ವೈಮಾನಿಕ. ಬ್ರಿಟಿಷ್ ವಾಯುಪಡೆಯಲ್ಲಿದ್ದು, ಆಮೇಲೆ ಹಿಂದೂಸ್ಥಾನಕ್ಕೆ ಬಂದು ಊರೂರಿಗೆ ವಿಮಾನ ಒಯ್ದು ಜನರನ್ನು ಹಾರಿಸುತ್ತಿದ್ದ ಸಾಹಸಿ. ಅವರ ಯೋಜನೆಗೆ ಕಿವಿಗೊಟ್ಟವರು ತರುಣ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ, ಎಂದರೆ ನಾವೆಲ್ಲ ಬಲ್ಲ ಜೆ.ಆರ್.ಡಿ.

ಜೆ.ಆರ್.ಡಿ. ಅವರಿಗೆ ಹಾರಾಟದ ಹುಚ್ಚು ಬಾಲ್ಯದ್ದು. ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ. ಬೇಸಗೆಯಲ್ಲಿ ಕುಟುಂಬ ಹೋಗುತ್ತಿದ್ದ ಫ್ರಾನ್ಸಿನ ಕಡಲತೀರದಲ್ಲಿ, ಇಂಗ್ಲಿಷ್ ಕಾಲುವೆಯನ್ನು ಮೊದಲು ಹಾರಿ ದಾಟಿದ ಬ್ಲೇರಿಯೋ ಅವರ ಮನೆಯೂ ಇತ್ತು. ಹುಡುಗ ಅವರ ವಿಮಾನಗಳನ್ನು ಕಣ್ತುಂಬ ನೋಡಿ ಬೆಳೆದ. 1929ರ ಫೆಬ್ರವರಿ 10ರಂದು ಹಿಂದೂಸ್ಥಾನದಲ್ಲಿ ಕೊಡಲಾದ ವೈಮಾನಿಕರ ಲೈಸೆನ್ಸುಗಳ ಪೈಕಿ ಒಂದನೆಯ ನಂಬರಿನದು ಅವರ ಕೈಗೆ ಬಂತು.

ಆಗಾ ಖಾನರು 500 ಪೌಂಡುಗಳ ಬಹುಮಾನ ಸಾರಿದರು. ಇಂಗ್ಲೆಂಡು ಮತ್ತು ಹಿಂದೂಸ್ಥಾನಗಳ ನಡುವೆ ಒಂಟಿಯಾಗಿ ಹಾರಿದ ಮೊದಲ ಭಾರತೀಯನಿಗೆ ಅದು ಸಲ್ಲಬೇಕು. ಜೆ.ಆರ್.ಡಿ. ಕರಾಚಿಯಿಂದ ಲಂಡನ್ನಿನ ಕಡೆಗೆ ಹೊರಟರು. ಆಸ್ಪಿ ಎಂಜಿನಿಯರ್ ಎಂಬ ಹದಿಹರೆಯದ ಹುಡುಗ ಇಂಗ್ಲೆಂಡಿನಿಂದ ಕರಾಚಿಯ ಕಡೆಗೆ. ನಡುದಾರಿಯಲ್ಲಿ, ಈಜಿಪ್ಟಿನ ಅಬೂಕಿರ್ ಎಂಬಲ್ಲಿ ಇಬ್ಬರೂ ಸಂಧಿಸಿದರು. ಆಸ್ಪಿಯ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕಾಗಿ ಅವನು ಅಲ್ಲೇ ಕುಳಿತಿದ್ದ. ಜೆ.ಆರ್.ಡಿ. ತಮ್ಮ ಬಳಿಯಿದ್ದುದನ್ನು ಎದುರಾಳಿಗೆ ಕೊಟ್ಟರು. ಬಹುಮಾನ ಗೆದ್ದವನು ಆಸ್ಪಿ. ಮುಂದೆ 1960ರಲ್ಲಿ ಆತನೇ ಭಾರತದ ವಾಯುಪಡೆಯ ಮುಖ್ಯಸ್ಥನಾದ. ಆ ಕಾಲದ ಆಕಾಶದಲ್ಲಿ ಇಂಥ ನೀತಿಯೊಂದಿತ್ತು: ದಾರಿಯಲ್ಲಿ ನಿಂತವನನ್ನು ಬಿಟ್ಟು ಮುಂದೆ ಹೋಗಬಾರದು.

ವಿನ್ಸೆಂಟ್ ಅವರ ಅಂಚೆ ಯೋಜನೆಗೆ ಟಾಟಾ ಸಂಸ್ಥೆ ಹಾಕಿದ ಬಂಡವಾಳ ಎರಡು ಲಕ್ಷ ರೂಪಾಯಿ. ಸರ್ಕಾರದಿಂದ ಸಹಾಯಧನ ದೊರೆಯಲಿಲ್ಲ. ಬಹುಕಾಲದ ಓಲೆ ವ್ಯವಹಾರ, ಕಾಯುವಿಕೆಗಳಾದ ಮೇಲೆ 1932ರಲ್ಲಿ ಅಂಚೆ ಸಾಗಿಸುವ ಕರಾರು ಮಾತ್ರ ಕೈಗೆ ಬಂತು.

ಆ ವರ್ಷ ಅಕ್ಟೋಬರ್ 15, ಶನಿವಾರ. ಕರಾಚಿಯ ದ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಒಂದು ಪುಸ್ ಮಾತ್ ವಿಮಾನ ಮೇಲೇರಿತು. ನಡೆಸುತ್ತಿದ್ದವರು ಜೆ.ಆರ್.ಡಿ. ಅವರೇ. ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಅದರಲ್ಲಿ ರೇಡಿಯೋ ಇಲ್ಲ, ದಾರಿ ತೋರುವವರು ನೆಲದ ಮೇಲೂ ಇಲ್ಲ. ವೈಮಾನಿಕನ ಬಳಿಯಿದ್ದುದು ದಿಕ್ಸೂಚಿ, ಧೂಳು ತಡೆಯುವ ಕನ್ನಡಕ, ಲೆಕ್ಕ ಮಾಡಲು ಒಂದು ಸ್ಲೈಡ್ ರೂಲ್. ಹೇರಿದ್ದ ಸರಕು 55 ಪೌಂಡು, ಎಂದರೆ 25 ಕಿಲೋ ತೂಕದ ಅಂಚೆ. ನಮ್ಮ ಮನೆಗಳಿಗೆ ತರುವ ಒಂದು ಅಕ್ಕಿ ಮೂಟೆಯಷ್ಟು ಭಾರ.

ನೇರವಾಗಿ ಹಾರಿ ಮುಂಬಯಿ ಸೇರುವಂತಿರಲಿಲ್ಲ. ನಡುವೆ ಅಹಮದಾಬಾದಿನಲ್ಲಿ ಇಳಿಯಬೇಕು. ಅಲ್ಲಿ ಬರ್ಮಾ ಷೆಲ್ ಕಂಪನಿಯ ಪೆಟ್ರೋಲು ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂತು. ಗಂಟೆಗೆ ನೂರು ಮೈಲಿ ಹಾರುವ ಯಂತ್ರಕ್ಕೆ ಗಂಟೆಗೆ ಎರಡು ಮೈಲಿ ನಡೆಯುವ ಎತ್ತುಗಳು ನೀರುಣಿಸಿದಂತಾಯಿತು. ಆ ಎತ್ತುಗಳಿಲ್ಲದಿದ್ದರೆ ವಿಮಾನವೂ ಇಲ್ಲ. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಪುಸ್ ಮಾತ್ ಮುಂಬಯಿಯ ಜುಹು ಬಯಲಿನಲ್ಲಿ ಇಳಿಯಿತು.

ಒಟ್ಟು ಏಳೂಕಾಲು ಗಂಟೆ. ಅಹಮದಾಬಾದಿನ ಸುತ್ತನ್ನು ಸೇರಿಸಿಕೊಂಡರೆ ಆ ದಾರಿ ಸುಮಾರು 640 ಮೈಲಿ. ನೂರು ಮೈಲಿಯ ವೇಗದಲ್ಲಿ ಆರು ಗಂಟೆ ಇಪ್ಪತ್ತೈದು ನಿಮಿಷ ಹಾರಾಟಕ್ಕೆ; ಉಳಿದ ಐವತ್ತು ನಿಮಿಷ ಎತ್ತಿನ ಗಾಡಿಗೆ. ಲೆಕ್ಕ ಚೊಕ್ಕಟವಾಗಿ ಕೂಡುತ್ತದೆ. ದೂರ, ವೇಗ, ಕಾಲ ಈ ಮೂರೂ ಒಂದಕ್ಕೊಂದು ಪ್ರಾಮಾಣಿಕವಾಗಿದ್ದ ದಿನವದು.

ಬಳ್ಳಾರಿಯ ರಾತ್ರಿ

ಜುಹುವಿನಲ್ಲಿ ಇನ್ನೊಂದು ಪುಸ್ ಮಾತ್ ಸಿದ್ಧವಾಗಿ ನಿಂತಿತ್ತು. ಅದನ್ನು ನಡೆಸುವವರು ವಿನ್ಸೆಂಟ್. ಮದರಾಸಿನ ಅಂಚೆಯನ್ನು ಹೊತ್ತು ಅವರು ದಕ್ಷಿಣಕ್ಕೆ ಹೊರಟರು. ಒಂದೇ ಹಗಲಿನಲ್ಲಿ ಮದರಾಸು ಮುಟ್ಟುವಂತಿರಲಿಲ್ಲ. ಅವರು ಇಳಿದು ರಾತ್ರಿ ಕಳೆದ ಊರು ನಮ್ಮ ಬಳ್ಳಾರಿ. ಮರುದಿನ ಅಲ್ಲಿಂದ ಹಾರಿ ಮದರಾಸು ತಲುಪಿದರು.

ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು; ಮೈಸೂರಿಗೆ ಬಂದದ್ದು 1953ರ ಅಕ್ಟೋಬರಿನಲ್ಲಿ. ಸರ್ಕಾರ ಯಾವುದಾದರೇನು, ನೆಲ ಕನ್ನಡದ್ದೇ. ಆಮೇಲೆ ಏರ್ ಇಂಡಿಯಾ ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿದ ಸಂಸ್ಥೆಯ ವಿಮಾನ ತನ್ನ ಮೊದಲ ಇರುಳನ್ನು ಕಳೆದದ್ದು ಕನ್ನಡ ನಾಡಿನಲ್ಲಿ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ನೆನೆಯುತ್ತಾರೆ? ಲಂಡನ್ನು, ಕರಾಚಿ, ಅಹಮದಾಬಾದು, ಮುಂಬಯಿ, ಬಳ್ಳಾರಿ, ಮದರಾಸು ಈ ಊರುಗಳನ್ನು ಅಂದು ಒಂದೇ ದಾರದಲ್ಲಿ ಪೋಣಿಸಿದ್ದರು. ಆ ದಾರದಲ್ಲಿ ನಮ್ಮ ಬಳ್ಳಾರಿಯೂ ಒಂದು ಮಣಿ.

ಸೇವೆ ಮೊದಲು ವಾರಕ್ಕೊಂದು ಸಲ. ಜುಹುವಿನ ನಿಲ್ದಾಣವೆಂದರೆ ಒಂದು ಗರಿಯ ಗುಡಿಸಲು ಮತ್ತು ಬಯಲು. ಮಳೆಗಾಲದಲ್ಲಿ ಬಯಲು ನೀರಿನಡಿ ಮುಳುಗುತ್ತಿದ್ದುದರಿಂದ ಸಂಸಾರವನ್ನೆಲ್ಲ ಪುಣೆಗೆ ಸಾಗಿಸಬೇಕಾಗುತ್ತಿತ್ತು. ಆದರೂ ಮೊದಲ ಪೂರ್ಣ ವರ್ಷವಾದ 1933ರಲ್ಲಿ ಆ ಪುಟ್ಟ ವಿಮಾನಗಳು 1,60,000 ಮೈಲಿ ಹಾರಿದವು. 155 ಪ್ರಯಾಣಿಕರನ್ನೂ ಹತ್ತು ಟನ್ನಿಗೆ ಮೀರಿದ ಅಂಚೆಯನ್ನೂ ಸಾಗಿಸಿದವು. ಈ ಸಾಹಸದ ತಂದೆಯೆನ್ನಬಹುದಾದ ವಿನ್ಸೆಂಟ್ 1942ರಲ್ಲಿ, ಯುದ್ಧದ ನಡುವೆ, ಪ್ರಯಾಣ ಮಾಡುತ್ತಿದ್ದ ವಿಮಾನದೊಡನೆ ಕಾಣೆಯಾದರು.

ಒಂದೇ ಮನೆಯ ಎರಡು ಕೋಣೆ

ಮುಂಬಯಿಗೂ ಕರಾಚಿಗೂ ಇದ್ದ ನಂಟು ವಿಮಾನದಿಂದ ಹುಟ್ಟಿದ್ದಲ್ಲ. ಸಿಂಧ್ ಪ್ರಾಂತ 1936ರ ಏಪ್ರಿಲ್ 1ರವರೆಗೂ ಮುಂಬಯಿ ಇಲಾಖೆಯ ಭಾಗವಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಅದೇ ಇಲಾಖೆಯವು. ಅಂದರೆ ಪುಸ್ ಮಾತ್ ಹಾರಿದ ದಿನ ಕರಾಚಿಯ ಸಿಂಧಿಗೂ ಧಾರವಾಡದ ಕನ್ನಡಿಗನಿಗೂ ಒಬ್ಬನೇ ಗವರ್ನರು, ಒಂದೇ ವಿಶ್ವವಿದ್ಯಾಲಯ. 1887ರಲ್ಲಿ ಆರಂಭವಾದ ಕರಾಚಿಯ ಸಿಂಧ್ ಕಾಲೇಜೂ 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಶ್ಚಿಮ ತೀರದ ಹಡಗುಗಳು ಎರಡೂ ಬಂದರುಗಳಿಗೆ ಜನರನ್ನೂ ಸರಕನ್ನೂ ಹೊತ್ತು ತಿರುಗುತ್ತಿದ್ದವು. ಒಂದೇ ಮನೆಯ ಎರಡು ಕೋಣೆಗಳಂತಿದ್ದ ಊರುಗಳವು. ವಿಮಾನ ಬಂದದ್ದು ಆ ಕೋಣೆಗಳ ನಡುವೆ ಬೇಗ ಓಡಾಡಲೆಂದು.

1946ರಲ್ಲಿ ಟಾಟಾ ಏರ್‌ಲೈನ್ಸ್ ಸಂಸ್ಥೆಗೆ ಏರ್ ಇಂಡಿಯಾ ಎಂಬ ಹೆಸರಾಯಿತು. ಯುದ್ಧ ಮುಗಿದಿತ್ತು. ಡಕೋಟಾ ವಿಮಾನಗಳು ಬಂದಿದ್ದವು. ಅವುಗಳ ವೇಗದಲ್ಲಿ ಕರಾಚಿ–ಮುಂಬಯಿ ಮೂರು ಮೂರೂವರೆ ಗಂಟೆಯ ಮಾತು. ಏಳೂಕಾಲು ಗಂಟೆ ಹದಿನೈದು ವರ್ಷಗಳೊಳಗೆ ಅರ್ಧಕ್ಕಿಳಿಯಿತು. ದೂರ ಕರಗುತ್ತಿದೆಯೆಂದು ಎಲ್ಲರೂ ನಂಬಿದ್ದ ಕಾಲ.

ಆಗ ಬಂತು 1947. ಕರಾಚಿ ಒಂದು ಹೊಸ ರಾಷ್ಟ್ರದ ರಾಜಧಾನಿಯಾಯಿತು. 1948ರ ಜನವರಿಯಲ್ಲಿ ಅಲ್ಲಿ ಗಲಭೆಯಾದ ಮೇಲೆ ಸಿಂಧಿ ಹಿಂದೂಗಳು ಮನೆ ಮಠ ಬಿಟ್ಟು ಹೊರಟರು. ಬಹು ಮಂದಿ ಹಡಗಿನಲ್ಲಿ ಮುಂಬಯಿಗೆ ಬಂದರು. ಕಲ್ಯಾಣದ ಬಳಿ ಯುದ್ಧಕಾಲದ ಸೈನಿಕ ಶಿಬಿರಗಳಲ್ಲಿ ಅವರಿಗೆ ನೆಲೆ ದೊರೆಯಿತು. ಅದೇ 1949ರಲ್ಲಿ ಉಲ್ಲಾಸನಗರವೆಂಬ ಊರಾಯಿತು. ಇತ್ತ ಕಡೆಯಿಂದಲೂ ಮುಂಬಯಿ, ಗುಜರಾತುಗಳ ಮುಸಲ್ಮಾನ ಕುಟುಂಬಗಳು ಕರಾಚಿಗೆ ಹೋದವು. ಹೀಗೆ ಎರಡು ಊರುಗಳಲ್ಲೂ ಇನ್ನೊಂದು ಊರನ್ನು ನೆನೆಯುವ ಮನೆಗಳು ಹುಟ್ಟಿಕೊಂಡವು. ಅಣ್ಣ ಅಲ್ಲಿ, ತಂಗಿ ಇಲ್ಲಿ. ಅವರ ಮಟ್ಟಿಗೆ 540 ಮೈಲಿ ಎಂಬುದು ಭೂಗೋಳದ ಪಾಠವಲ್ಲ.

ತೆರೆಯುವ, ಮುಚ್ಚುವ ಆಕಾಶ

ವಿಭಜನೆಯಾದರೂ ವಿಮಾನಗಳು ಹಾರುತ್ತಿದ್ದವು. 1962ರಲ್ಲಿ, ಮೊದಲ ಹಾರಾಟಕ್ಕೆ ಮೂವತ್ತು ವರ್ಷವಾದಾಗ, ಜೆ.ಆರ್.ಡಿ. ಮತ್ತೊಮ್ಮೆ ಕರಾಚಿಯಿಂದ ಮುಂಬಯಿಗೆ ಹಾರಿ ಬಂದರು. 1965ರ ಯುದ್ಧದಲ್ಲಿ ದಾರಿ ಮುಚ್ಚಿತು. ತಾಷ್ಕೆಂಟ್ ಒಪ್ಪಂದವಾದ ಮೇಲೆ ಒಬ್ಬರ ಆಕಾಶವನ್ನು ಇನ್ನೊಬ್ಬರು ಹಾದುಹೋಗಲು ಮತ್ತೆ ಒಪ್ಪಿಗೆ ಬಂತು.

1971ರ ಜನವರಿ 30ರಂದು 'ಗಂಗಾ' ಎಂಬ ಭಾರತದ ವಿಮಾನವನ್ನು ಶ್ರೀನಗರ–ಜಮ್ಮು ದಾರಿಯಲ್ಲಿ ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟರು. ಫೆಬ್ರವರಿ 4ರಂದು ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಆಗ ಪಾಕಿಸ್ತಾನದ ಎರಡು ಭಾಗಗಳು ನಮ್ಮ ದೇಶದ ಎರಡು ಪಕ್ಕಗಳಲ್ಲಿದ್ದವು. ಕರಾಚಿಯಿಂದ ಢಾಕಾಕ್ಕೆ ನೇರವಾಗಿ ಸುಮಾರು 2,350 ಕಿಲೋಮೀಟರು. ಆಕಾಶ ಮುಚ್ಚಿದ ಮೇಲೆ ಸಿಂಹಳವನ್ನು ಬಳಸಿ, ಹೆಚ್ಚು ಕಡಮೆ ಎರಡು ಪಟ್ಟು ಹಾರಬೇಕಾಯಿತು. ಒಂದೇ ದೇಶದ ಎರಡು ಊರುಗಳು ಒಂದು ಆಜ್ಞೆಯಿಂದ ಎರಡರಷ್ಟು ದೂರವಾದವು. ಆ ವರ್ಷ ಮುಗಿಯುವಷ್ಟರಲ್ಲಿ ಅವು ಒಂದೇ ದೇಶದ ಊರುಗಳಾಗಿ ಉಳಿಯಲಿಲ್ಲ.

ಭಾರತ–ಪಾಕಿಸ್ತಾನಗಳ ನಡುವೆ ವಿಮಾನ ಸಂಚಾರ ಮರಳಿ ಆರಂಭವಾದದ್ದು 1976ರಲ್ಲಿ. ಅದರಿಂದಾಗಿಯೇ 1982ರ ಅಕ್ಟೋಬರ್ 15ರ ಆ ಸುಂದರ ಘಟನೆ ಸಾಧ್ಯವಾಯಿತು. ಮೊದಲ ಹಾರಾಟದ ಸುವರ್ಣ ಮಹೋತ್ಸವದಂದು, ಎಪ್ಪತ್ತೆಂಟು ವರ್ಷ ವಯಸ್ಸಿನ ಜೆ.ಆರ್.ಡಿ. ಹಳೆಯ ಲೆಪರ್ಡ್ ಮಾತ್ ವಿಮಾನವನ್ನೇರಿ ಕರಾಚಿಯಿಂದ ಒಂಟಿಯಾಗಿ ಹೊರಟು, ಅಹಮದಾಬಾದಿನಲ್ಲಿ ಇಳಿದು, ಜುಹು ಸೇರಿದರು. ತಾವೇ ಕಟ್ಟಿ ಬೆಳೆಸಿದ ಏರ್ ಇಂಡಿಯಾದ ಅಧ್ಯಕ್ಷಸ್ಥಾನದಿಂದ ಸರ್ಕಾರ ಅವರನ್ನು 1978ರಲ್ಲಿ ಇಳಿಸಿತ್ತು. ಆ ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಹಿರಿಯರು ತಮ್ಮ ಯೌವನದ ದಾರಿಯಲ್ಲಿ ಇನ್ನೊಮ್ಮೆ ಹಾರಿ ತೋರಿಸಿದರು. ಆ ವೇಳೆಗೆ ಬೋಯಿಂಗ್ ವಿಮಾನಗಳು ಅದೇ ದೂರವನ್ನು ಒಂದೂವರೆ ಗಂಟೆಯಲ್ಲಿ ದಾಟುತ್ತಿದ್ದವು. ಅವರಿಗೆ ಬೇಕಾದದ್ದು ವೇಗವಲ್ಲ.

ಮುಂದಿನ ಕಥೆ ಬಾಗಿಲಿನ ಕಥೆಯೇ. 2001ರ ಡಿಸೆಂಬರಿನಲ್ಲಿ ನಮ್ಮ ಸಂಸತ್ತಿನ ಮೇಲೆ ದಾಳಿಯಾಯಿತು; 2002ರ ಜನವರಿ 1ರಿಂದ ವಿಮಾನ ಸಂಚಾರ ನಿಂತಿತು. 2004ರ ಜನವರಿ 1ರಂದು ಮತ್ತೆ ತೆರೆಯಿತು. ಕರಾಚಿ–ಮುಂಬಯಿ ನೇರ ವಿಮಾನ ಅದರ ಮುಂದಿನ ದಶಕದಲ್ಲಿ ಸದ್ದಿಲ್ಲದೆ ನಿಂತುಹೋಯಿತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗರ ಹತ್ಯೆಯಾದ ಬಳಿಕ, 24ರಂದು ಪಾಕಿಸ್ತಾನವು ನಮ್ಮ ವಿಮಾನಗಳಿಗೆ, 30ರಂದು ಭಾರತವು ಅವರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. ಒಂದೊಂದು ತಿಂಗಳಿಗೆಂದು ಹೊರಟ ಆಜ್ಞೆ ತಿಂಗಳು ತಿಂಗಳು ನವೀಕರಣಗೊಳ್ಳುತ್ತ ಹೋಯಿತು. ಮೇ 2ರಂದು ಪಾಕಿಸ್ತಾನದಿಂದ ಬರುವ ಅಂಚೆಯನ್ನೂ ಪಾರ್ಸೆಲುಗಳನ್ನೂ ಭಾರತ ನಿಲ್ಲಿಸಿತು. ನೆತ್ತರು ಹರಿದಾಗ ಬಾಗಿಲು ಹಾಕಿಕೊಳ್ಳುವುದು ಸಹಜವೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಸುಲಭವಲ್ಲ. ಆದರೆ ಹಾಕಿದ ಬಾಗಿಲಿನ ಬೆಲೆಯೆಷ್ಟೆಂಬ ಲೆಕ್ಕವನ್ನಾದರೂ ಇಡಬೇಕು.

ಲೆಕ್ಕ ಹೀಗಿದೆ. ಇಂದು ಕರಾಚಿಯಿಂದ ಮುಂಬಯಿಗೆ ಬರಬೇಕಾದವನು, ವೀಸಾ ದೊರೆಯಿತೆಂದೇ ಇಟ್ಟುಕೊಂಡರೂ, ಮೊದಲು ಪಶ್ಚಿಮಕ್ಕೆ ಮುಖ ಮಾಡಿ ದುಬೈಗೋ ಕೊಲ್ಲಿಯ ಇನ್ನೊಂದು ಊರಿಗೋ ಹೋಗಬೇಕು. ಕರಾಚಿಯಿಂದ ದುಬೈ ಸುಮಾರು 1,190 ಕಿಲೋಮೀಟರು. ಅಲ್ಲಿ ಗಂಟೆಗಟ್ಟಲೆ ಕಾಯಬೇಕು. ಬಳಿಕ ಅದೇ ಅರಬ್ಬೀ ಸಮುದ್ರದ ಮೇಲೆ ಹಿಂದಿರುಗಿ ಮುಂಬಯಿಗೆ ಸುಮಾರು 1,930. ಒಟ್ಟು 3,100 ಕಿಲೋಮೀಟರಿಗೆ ಮೇಲೆ. ಎಂದರೆ ನೇರ ದಾರಿಯ ಮೂರೂವರೆ ಪಟ್ಟು. ಎರಡು ಹಾರಾಟಕ್ಕೆ ಐದು ಗಂಟೆ, ನಡುವಿನ ಕಾಯುವಿಕೆಗೆ ಎರಡೋ ಮೂರೋ ಗಂಟೆ. ಕೂಡಿಸಿ ನೋಡಿದರೆ ಎಷ್ಟಾಯಿತು? ಏಳು, ಎಂಟು ಗಂಟೆ. 1932ರಲ್ಲಿ ಪುಸ್ ಮಾತ್, ಎತ್ತಿನ ಗಾಡಿಯ ಪೆಟ್ರೋಲು ಕುಡಿದು, ತೆಗೆದುಕೊಂಡದ್ದು ಏಳೂಕಾಲು ಗಂಟೆ!

ತೊಂಬತ್ತು ವರ್ಷಗಳ ವಿಜ್ಞಾನ, ಐದು ಪಟ್ಟು ವೇಗದ ವಿಮಾನ, ಉಪಗ್ರಹ, ರಾಡಾರು ಎಲ್ಲವನ್ನೂ ಕೂಡಿಸಿದರೂ ನಾವು ಒಂದು ನಿಮಿಷವನ್ನೂ ಉಳಿಸಲಿಲ್ಲ. ಆಗ ದಾರಿ ದೀರ್ಘವಾಗಿದ್ದದ್ದು ಯಂತ್ರ ಚಿಕ್ಕದಾಗಿದ್ದುದರಿಂದ. ಈಗ ಯಂತ್ರದಲ್ಲಿ ಕೊರತೆಯಿಲ್ಲ. ಪುಸ್ ಮಾತ್ ಹೊತ್ತು ತಂದದ್ದು ಅಂಚೆ. ಈಗ ಬರಬೇಕಾದ ಕಾಗದಕ್ಕೂ ತಡೆ ಬಿದ್ದ ಮೇಲೆ ಗಂಟೆಯ ಲೆಕ್ಕವೂ ಉಳಿಯುವುದಿಲ್ಲ.

ಭುಜ್‌ನಿಂದ ಹೊರಟ ವಿಮಾನ

ಈ ಕಥೆಗೆ ಇನ್ನೊಂದು ಚಿಕ್ಕ ಅಧ್ಯಾಯವಿದೆ. 2021ರ ಅಕ್ಟೋಬರ್ 15ರಂದು ಆರೋಹಿ ಪಂಡಿತ್ ಎಂಬ ತರುಣ ವೈಮಾನಿಕೆ ಜೆ.ಆರ್.ಡಿ. ಅವರ ಮೊದಲ ಹಾರಾಟದ ನೆನಪಿಗಾಗಿ ಪುಟ್ಟ ವಿಮಾನದಲ್ಲಿ ಒಂಟಿಯಾಗಿ ಹಾರಿದರು. ಅಹಮದಾಬಾದಿನಲ್ಲಿ ಇಳಿದರು, ಜುಹುವಿಗೆ ಬಂದರು. ಎಲ್ಲವೂ ಹಿಂದಿನಂತೆಯೇ. ಆದರೆ ಹೊರಟದ್ದು ಕರಾಚಿಯಿಂದಲ್ಲ; ಕಚ್ಛದ ಭುಜ್‌ನಿಂದ. ಅದು 1971ರ ಯುದ್ಧದಲ್ಲಿ ಬಾಂಬಿಗೆ ಒಡೆದ ಓಡುದಾರಿಯನ್ನು ಮಾಧಾಪರ ಗ್ರಾಮದ ಹೆಂಗಸರು ಕೈಯಾರೆ ಸರಿಪಡಿಸಿಕೊಟ್ಟ ನಿಲ್ದಾಣ. ಕರಾಚಿ ಅಲ್ಲಿಂದ ಸುಮಾರು ಮುನ್ನೂರು ಕಿಲೋಮೀಟರು ಆಚೆಗಿದೆ. ಜೆ.ಆರ್.ಡಿ. ಮೂರು ಸಲ ಹಾರಿದ ದಾರಿಯ ತಲೆಯ ಭಾಗ ಕತ್ತರಿಸಿ ಬಿದ್ದು, ಉಳಿದ ಭಾಗಕ್ಕೆ ಉತ್ಸವವಾಯಿತು. ಮರುವರ್ಷ, 2022ರ ಜನವರಿ 27ರಂದು, ಏರ್ ಇಂಡಿಯಾ ಸಂಸ್ಥೆ ಮತ್ತೆ ಟಾಟಾ ಮನೆಗೆ ಬಂತು. ಸಂಸ್ಥೆ ತಾನು ಹುಟ್ಟಿದ ಮನೆಗೆ ಹಿಂದಿರುಗಿದರೂ ತಾನು ಮೊದಲು ರೆಕ್ಕೆ ಬಿಚ್ಚಿದ ಊರಿಗೆ ಹೋಗಲಾರದೆ ನಿಂತಿದೆ.

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ನಾವು ಎರಡು ಉತ್ತರ ಕೊಡಬೇಕು. ಒಂದು ಭೂಮಿ ಕೊಟ್ಟದ್ದು; ಅದು ಬದಲಾಗುವುದಿಲ್ಲ, ಗೋಲದ ಮೇಲೆ ದಾರ ಹಿಡಿದು ಅಳೆಯಬಹುದು. ಇನ್ನೊಂದು ಮನುಷ್ಯ ಮಾಡಿಕೊಂಡದ್ದು. ಅದು ಒಮ್ಮೆ ಏಳೂಕಾಲು ಗಂಟೆಯಾಗಿತ್ತು, ಒಂದೂವರೆ ಗಂಟೆಯೂ ಆಗಿತ್ತು, ಮತ್ತೆ ಏಳೆಂಟು ಗಂಟೆಯಾಗಿದೆ. ಅನೇಕರ ಪಾಲಿಗೆ ಮುಗಿಯದ ದಾರಿಯೇ ಆಗಿದೆ. ಹೊಲದ ಮುದುಕ ಹೊತ್ತಿನ ಲೆಕ್ಕ ಹೇಳಿದ್ದು ಸುಮ್ಮನೆ ಅಲ್ಲ. ದಾರಿ ಅವನಿಗೆ ಗೊತ್ತಿತ್ತು, ಹೊಳೆಯೂ ಗೊತ್ತಿತ್ತು.

ಅವನ ಇನ್ನೊಂದು ಅಳತೆಯಾದ ಕೂಗಳತೆಗೆ ಮೈಲಿಗಲ್ಲೂ ಬೇಡ, ಗಡಿಯಾರವೂ ಬೇಡ. ಈಚೆಯವನು ಕೂಗಬೇಕು, ಆಚೆಯವನು ಓಗೊಡಬೇಕು, ಅಷ್ಟೇ. 25 ಕಿಲೋ ಕಾಗದಗಳನ್ನು ಹೊತ್ತ ಪುಟ್ಟ ವಿಮಾನವೊಂದು ಕರಾಚಿಯನ್ನು ಮುಂಬಯಿಗೂ ನಮ್ಮ ಬಳ್ಳಾರಿಗೂ ಒಮ್ಮೆ ಕೂಗಳತೆಗೆ ತಂದಿತ್ತು.